ಕೊಡಲಿಕ್ಕೊಂದು ಪೊಟ್ಟಣ

ಹೋದ ತಿಂಗಳು ಚನ್ನಗಿರಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಮಾತಾಡುತ್ತಾ ಮಾತಾಡುತ್ತಾ ನಡುವೆ ನಿಂತುಬಿಟ್ಟೆ. ದುಃಖ ಉಕ್ಕಿ ಬಂದಿದೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು. ಇನ್ಯಾರೋ ಭುಜ ತಟ್ಟಿದರು. ಆಮೇಲೆ ಬಜಾರಿನಲ್ಲೆಲ್ಲ ಒಂದೇ ಮಾತು. "ಪಾಪ, ಎದುರುಬದುರು ಅಂಗಡಿ. ಹನ್ನೊಂದು ವರ್ಷದ ಒಡನಾಟ. ತಡಕೊಳ್ಳಾಕೆ ಆಗ್ಲಿಲ್ಲ ನೋಡ್ರಿ ಅವರಿಗೆ."

ದುಃಖವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಯಾಕೆ ನಿಂತೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ವಿಷಯ ಒಪ್ಪಿಕೊಂಡುಬಿಡಬೇಕು. ಆ ಸಭೆಯಲ್ಲಿ ನಾನು ತೀರಿಕೊಂಡವರನ್ನು "ನನ್ನ ಸ್ವಂತ ಅಣ್ಣನಿದ್ದ ಹಾಗಿದ್ದರು" ಎಂದೆ. ಅಪ್ಪಟ ಸುಳ್ಳು. ನನಗೆ ಸ್ವಂತ ಅಣ್ಣ ಇದ್ದಾನೆ, ಸಂತೇಬೆನ್ನೂರಿನಲ್ಲಿ. ಅವನ ಕಾರಣಕ್ಕೇ ನನಗೆ ಆ ತೀರಿಕೊಂಡ ಮನುಷ್ಯನನ್ನು ಕಂಡರೆ ಹೊಟ್ಟೆಕಿಚ್ಚು. ಇವತ್ತಿಗೂ ಅದು ಆರಿಲ್ಲ.

ನನ್ನದು ಮೆಡಿಕಲ್ ಶಾಪು. ಅವರದು ರಸ್ತೆಯ ಆಚೆ ಬದಿಗೆ ಗ್ರಂಥಿಗೆ ಅಂಗಡಿ. ಬೇರು, ತೊಗಟೆ, ಒಣಗಿದ ಕಾಯಿ, ಬಾಣಂತಿ ಖಾರದ ಸಾಮಾನು, ಊದಿನಕಡ್ಡಿ, ಎಲ್ಲವೂ ಒಂದರ ಮೇಲೊಂದು ತುರುಕಿದ ಗೂಡು ಅದು. ನನ್ನ ಅಂಗಡಿಗೆ ಗಾಜಿನ ಬಾಗಿಲಿದೆ, ಫ್ರಿಜ್ಜಿದೆ, ಕಂಪ್ಯೂಟರಿನಲ್ಲಿ ಬಿಲ್ಲು ಬರುತ್ತದೆ. ಗೋಡೆಯ ಮೇಲೆ ನನ್ನ ಫಾರ್ಮಸಿ ಸರ್ಟಿಫಿಕೇಟು ನೇತುಹಾಕಿದ್ದೇನೆ. ಅವರ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರುಗಳು. ಅವನ್ನೇ ಹರಿದು ಪೊಟ್ಟಣ ಕಟ್ಟುತ್ತಿದ್ದರು. ಹೊನ್ನಾಳಿಯಿಂದ, ನ್ಯಾಮತಿಯಿಂದ, ಅಷ್ಟು ದೂರದ ಜಗಳೂರಿನಿಂದ ಬಸ್ಸಿಳಿದು ಬಂದವರು ನೇರ ನನ್ನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಿದ್ದರು. ನಾನು ನಗುಮುಖ ಮಾಡಿ ಎದ್ದು ನಿಂತರೆ ಕೇಳುವುದೇನು? "ಕಡ್ಡಿಪುಡಿ ಬಿಡ್ಸೋರ ಅಂಗಡಿ ಯಾವ್ದು ಸಾರ್?"

ಕೈ ತೋರಿಸಿ ತೋರಿಸಿ ನನ್ನ ತೋಳಿಗೆ ನೋವು ಬಂದಿತ್ತು.

ಕಡ್ಡಿಪುಡಿ ಎಂದರೆ ಎಲೆ ಅಡಿಕೆ ಜೊತೆ ಜಗಿಯುವ ತಂಬಾಕು. ತಂಬಾಕು ಬಿಡಿಸುವುದಕ್ಕೆ ನನ್ನಲ್ಲೂ ಔಷಧ ಇತ್ತು ಸ್ವಾಮೀ. ನಿಕೋಟಿನ್ ಗಮ್ಮು. ಜಗತ್ತಿನಲ್ಲಿ ನೂರಾರು ಕಡೆ ಪರೀಕ್ಷೆ ಮಾಡಿ, ಹೌದು, ಇದರಿಂದ ಸಹಾಯವಾಗುತ್ತದೆ ಎಂದು ಒಪ್ಪಿದ ವಸ್ತು. ತಂಬಾಕಿನ ಬದಲಿಗೆಂದು ಅವರು ಕಟ್ಟಿಕೊಡುತ್ತಿದ್ದ ಪುಡಿಯಲ್ಲಿ ಇದ್ದದ್ದೇನು? ಹುರಿದ ಓಂಕಾಳು, ಸೋಂಪು, ಜ್ಯೇಷ್ಠಮಧು, ಒಣಶುಂಠಿ, ನಿಂಬೆರಸದಲ್ಲಿ ನೆನೆಸಿ ಒಣಗಿಸಿದ ನೆಲ್ಲಿಕಾಯಿ. ನಾನು ಹುಡುಕಿ ಹುಡುಕಿ ಓದಿದೆ. ಇಂಥ ಬೇರು ಬೀಜಗಳ ಬಗ್ಗೆ ಅಲ್ಲೊಂದು ಇಲ್ಲೊಂದು ಸಣ್ಣ ಪರೀಕ್ಷೆ ನಡೆದಿರಬಹುದು, ಆದರೆ ಇದರಿಂದಲೇ ಜನ ತಂಬಾಕು ಬಿಡುತ್ತಾರೆ ಎಂದು ಎದೆ ತಟ್ಟಿ ಹೇಳುವಂಥದ್ದು ಒಂದೂ ಸಿಗಲಿಲ್ಲ. ಓದಿದಷ್ಟೂ ನನಗೆ ಖುಷಿಯಾಯಿತು.

ಅವರು ಪ್ರತಿ ತಿಂಗಳು ಬಿಪಿ ಮಾತ್ರೆಗೆ ನನ್ನಲ್ಲಿಗೆ ಬರುತ್ತಿದ್ದರು. ದಿನಾ ಬೆಳಗ್ಗೆ ನನ್ನ ಪೇಪರನ್ನು ಎರವಲು ಒಯ್ಯುತ್ತಿದ್ದರು. ಪದಬಂಧ ಪೂರ್ತಿ ತುಂಬಿಸಿ, ಏನೂ ಆಗಿಲ್ಲವೆಂಬಂತೆ ವಾಪಸು ತಂದಿಡುತ್ತಿದ್ದರು. ನಾನು ಪದಬಂಧಕ್ಕಾಗಿಯೇ ಆ ಪೇಪರು ತರಿಸುತ್ತಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಹೇಳಿದ್ದರೆ ಬಿಟ್ಟುಬಿಡುತ್ತಿದ್ದರು, ಆಮೇಲೆ ನಾನು ಸಿಟ್ಟು ಮಾಡಿಕೊಳ್ಳುವುದಕ್ಕೆ ಏನಿರುತ್ತಿತ್ತು?

ಆಳು ಗಿಡ್ಡ. ತೋಳಿಲ್ಲದ ಬನಿಯನ್ನು, ಹೆಗಲ ಮೇಲೆ ಟವೆಲ್ಲು. ಮಾತಾಡುವಾಗ ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿದ್ದರು, ಯಾವಾಗಲೂ ಏನೋ ಪುಡಿ ಮಾಡುತ್ತಿರುವವರ ಹಾಗೆ. ತಕ್ಕಡಿ ಇದ್ದರೂ ಪುಡಿಯನ್ನು ಮೂರು ಬೆರಳಲ್ಲೇ ತೆಗೆದು ಹಾಕುತ್ತಿದ್ದರು. ಬಂದವರನ್ನು ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಾಯುವವರೂ ಎದ್ದು ಹೋಗದೆ ಜಗಲಿಯ ಮೇಲೆ ಕೂತು ಹರಟುತ್ತಿದ್ದರು. ನನ್ನ ಅಂಗಡಿಯಲ್ಲಿ ಎರಡು ನಿಮಿಷ ತಡವಾದರೆ ಗಿರಾಕಿ ಮುಖ ಸಿಂಡರಿಸುತ್ತಾನೆ!

ಅವರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ ನನಗೆ ನಗು ತರಿಸುತ್ತಿತ್ತು. ನಾನಾದರೆ ಕ್ರಮವಾಗಿ ಕೇಳುತ್ತೇನೆ: ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷದಿಂದ, ಬೆಳಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು. ಅವರು ಅದೇನೂ ಕೇಳುತ್ತಿರಲಿಲ್ಲ. ಟವೆಲ್ಲಿನಿಂದ ಹಲಗೆ ಒರೆಸಿ, ಕೂರಿಸಿ, "ಯಾರ ಜೊತೆ ಹಾಕ್ತೀರಿ?" ಎನ್ನುತ್ತಿದ್ದರು.

ಒಂದು ಸಲ ಜಗಳೂರು ಕಡೆಯ ಕುರಿಗಾರರೊಬ್ಬರು ಬಂದಿದ್ದರು. ಬೀಡಿ ಬಿಡಬೇಕಿತ್ತು ಅವರಿಗೆ. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನಾನು ಯಾವಾಗಲೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ಯಾರ ಜೊತೆ ಸೇದ್ತೀರಿ?"

"ಯಾರ ಜೊತೆ ಅಂದ್ರೆ? ಒಬ್ನೇ ಸೇದ್ತೀನ್ರೀ. ಅಡವ್ಯಾಗೆ ಯಾರು ಇರ್ತಾರೆ? ಕುರಿ ಇರ್ತಾವೆ."

"ಹಂಗಾದ್ರೆ ನನ್ನ ಪುಡಿ ನಿಮಗೆ ಬ್ಯಾಡ. ಎದುರಂಗಡಿಗೆ ಹೋಗ್ರಿ. ಅವರ ಹತ್ರ ಗಮ್ ಐತೆ, ಚಲೋ ಔಷಧಿ."

ಆ ಕುರಿಗಾರರು ನನ್ನಲ್ಲಿಗೆ ಬಂದರು, ಗಮ್ ಒಯ್ದರು. ನನಗೆ ಮೈಯೆಲ್ಲ ಉರಿಯಿತು. ಇವರು ಎಸೆದದ್ದನ್ನು ನಾನು ಎತ್ತಿಕೊಳ್ಳಬೇಕೇನು? ಹೀಗೇ ವರ್ಷಕ್ಕೆ ಹತ್ತಾರು ಮಂದಿಯನ್ನು ಕಳಿಸುತ್ತಿದ್ದರು. ಎಲ್ಲರೂ ಒಬ್ಬೊಬ್ಬರೇ ಸೇದುವವರು, ಒಬ್ಬೊಬ್ಬರೇ ಹಾಕುವವರು. ಅದನ್ನು ನಾನು ಗಮನಿಸಿದ್ದೆ, ಆದರೆ ಅದಕ್ಕೊಂದು ಅರ್ಥವಿದೆ ಎಂದು ಹೊಳೆಯಲಿಲ್ಲ. ಹೊಟ್ಟೆಕಿಚ್ಚಿನಲ್ಲಿ ಇದ್ದವನಿಗೆ ಏನು ಹೊಳೆಯುತ್ತದೆ ಹೇಳಿ.

ಕೊನೆಗೆ ತಡೆಯಲಾರದೆ ನಾನೇ ಒಂದು ಪರೀಕ್ಷೆ ನಡೆಸಿದೆ. ಆರು ತಿಂಗಳು ಅವರ ಅಂಗಡಿಗೆ ಬಂದ ಪರಿಚಯದ ಮುಖಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಕೊಂಡೆ. ಮದುವೆಯಲ್ಲಿ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕಾಗ ಬಾಯಿ ನೋಡಿದೆ. ಅರ್ಧಕ್ಕರ್ಧ ಜನ ಮತ್ತೆ ಶುರು ಹಚ್ಚಿಕೊಂಡಿದ್ದರು! ಅವತ್ತು ನನಗಾದ ಆನಂದ ಅಷ್ಟಿಷ್ಟಲ್ಲ. ಅವರು ಮಾತ್ರೆಗೆ ಬಂದ ದಿನ ಕೌಂಟರಿನ ಮೇಲೆ ಕ್ಯಾಲೆಂಡರು ಹರಡಿದೆ.

"ನೋಡ್ರಿ, ನಿಮ್ಮ ಪುಡಿ ತಗೊಂಡೋರಲ್ಲಿ ಅರ್ಧ ಜನ ವಾಪಸ್ ಹಾಕ್ತಾ ಇದ್ದಾರೆ."

ಅವರು ಕನ್ನಡಕ ಹಣೆಗೇರಿಸಿ, ಬಗ್ಗಿ, ಒಂದೊಂದೇ ಹೆಸರು ಓದಿದರು. "ಅರ್ಧ ಜನ ಬಿಟ್ಟಾರಾ?" ಎಂದರು. "ನಾ ಇನ್ನೂ ಭಾಳ ಕಮ್ಮಿ ಅಂದ್ಕೊಂಡಿದ್ದೆ."

"ಅಂದ್ರೆ ನಿಮಗೇ ನಂಬಿಕೆ ಇಲ್ಲ!"

"ಪುಡಿ ಬಿಡ್ಸುತ್ತೆ ಅಂತ ನಾ ಯಾವತ್ತಾದ್ರೂ ಅಂದೀನೇನ್ರೀ? ಓಂಕಾಳು ತಿಂದ್ರೆ ತಂಬಾಕು ಹೋಗೋದಾದ್ರೆ ಇಷ್ಟೊತ್ತಿಗೆ ಊರೆಲ್ಲ ಬಿಟ್ಟಿರೋದು." ಮಾತ್ರೆಯ ಪಟ್ಟಿಯನ್ನು ಟವೆಲ್ಲಿನ ಮೂಲೆಗೆ ಗಂಟು ಹಾಕಿಕೊಂಡರು. "ಅದಿರ್ಲಿ, ನಿಮ್ಮ ಗಮ್ಮಿಂದು ಎಷ್ಟು ಜನ ಬಿಟ್ರು? ಅದನ್ನೂ ಬರ್ಕೊಂಡಿರ್ತೀರಲ್ಲ."

ಬರೆದುಕೊಂಡಿರಲಿಲ್ಲ.

ಈಗ ಅಣ್ಣನ ವಿಷಯ. ಅಪ್ಪ ಹೋದಾಗ ನಾನು ಹೈಸ್ಕೂಲು. ಅಣ್ಣ ತನ್ನ ಓದು ಬಿಟ್ಟು ನನ್ನನ್ನು ಓದಿಸಿದ. ಅವನದು ಚೇಣಿ ವ್ಯಾಪಾರ, ಅಂದರೆ ಅಡಿಕೆ ಕೊಯ್ಲಿಗೆ ಬರುವ ಮುಂಚೆಯೇ ತೋಟದ ಫಸಲಿಗೆ ಮಾತಾಡಿ ಹಿಡಿಯುವುದು. ಆ ವ್ಯಾಪಾರ ನಡೆಯುವುದು ಎಲೆ ಅಡಿಕೆ ಚೀಲದ ಮೇಲೆ. ತೋಟದವರು ತಮ್ಮ ಚೀಲ ಬಿಚ್ಚಿ ಚಾಚುತ್ತಾರೆ, ಇವನು ತನ್ನ ಚೀಲ ಬಿಚ್ಚಿ ಚಾಚುತ್ತಾನೆ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ಅದು ಬಾಯಿಗೆ ಬಿದ್ದ ಮೇಲೇ ಮಾತು. ಮೂವತ್ತು ವರ್ಷ ಹಾಗೆ ಹಾಕಿದ್ದಕ್ಕೆ ಅಣ್ಣನ ಬಾಯಿ ಬಿಗಿಯುತ್ತಾ ಬಂತು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದಿತು. ಮಂಡಕ್ಕಿ ಜೊತೆ ಮಿರ್ಚಿ ಇಲ್ಲದೆ ಸಂಜೆ ಕಳೆಯದ ಮನುಷ್ಯ, ಸಾರಿನ ಖಾರಕ್ಕೇ ಕಣ್ಣೀರು ಹಾಕತೊಡಗಿದ.

ದಾವಣಗೆರೆಗೆ ಹಲ್ಲಿನ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಅವರು ಅಣ್ಣನಿಗೆ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸಲು ಹೇಳಿದರು. ಎಲ್ಲರಿಗೂ ಹೋಗಬೇಕಂತೆ. ನಾನು ಪಕ್ಕದಲ್ಲೇ ಪ್ರಯತ್ನಿಸಿದೆ, ಸಲೀಸಾಗಿ ಹೋಯಿತು. ಅಣ್ಣನಿಗೆ ಎರಡು ಬೆರಳೂ ಹೋಗಲಿಲ್ಲ. "ಕಡ್ಡಿಪುಡಿ, ಅಡಿಕೆ, ಎರಡೂ ಇವತ್ತೇ ನಿಲ್ಲಬೇಕು. ಇಲ್ಲದಿದ್ದರೆ ಈ ಮಚ್ಚೆ ಏನಾಗುತ್ತದೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ?" ಎಂದರು ಡಾಕ್ಟರು.

ಬೇಡಿದೆ, ಬೈದೆ, ಅತ್ತೆ. ಪೆಟ್ಟಿಗೆಗಟ್ಟಲೆ ಗಮ್ ಕೊಟ್ಟೆ. ಅವು ಅಂಗಿಯ ಜೇಬಿನಲ್ಲೇ ಉಳಿದು ಬಟ್ಟೆಯ ಜೊತೆ ಒಗೆದುಹೋದವು. "ನಾಲ್ಕು ಜನರ ಮುಂದೆ ಒಬ್ನೇ ಬಾಯಾಡಿಸ್ತಾ ಕುಂತ್ರೆ ಹೆಂಗಿರುತ್ತೋ?" ಎನ್ನುತ್ತಿದ್ದ. ನನಗೆ ಅದು ನೆಪ ಎನಿಸುತ್ತಿತ್ತು.

ಆಮೇಲೊಂದು ದಿನ ಅಣ್ಣ ನನ್ನ ಅಂಗಡಿಗೆ ಬಂದವನೇ ಅಭ್ಯಾಸದಂತೆ ಸೊಂಟದ ಚೀಲ ತೆಗೆದು ಬಿಚ್ಚಿ, "ತಗೋ" ಎಂದು ಚಾಚಿದ. ಬೈಯಲು ಬಾಯಿ ತೆರೆದೆ. ಮೂಗಿಗೆ ಬಂದದ್ದು ಸೋಂಪಿನ ವಾಸನೆ. ಒಳಗೆ ವೀಳ್ಯದೆಲೆ ಇತ್ತು. ಅಡಿಕೆ ಇಲ್ಲ, ಸುಣ್ಣ ಇಲ್ಲ, ಕಡ್ಡಿಪುಡಿ ಇಲ್ಲ. ಕ್ಯಾಲೆಂಡರು ಕಾಗದದ ಎರಡು ಪೊಟ್ಟಣ ಇದ್ದವು.

"ಮೂರು ತಿಂಗ್ಳಾತು ಬಿಟ್ಟು," ಎಂದ.

"ಯಾರು ಬಿಡಿಸಿದ್ದು?"

ನನ್ನ ಕೌಂಟರಿಗೆ ಒರಗಿ ನಿಂತುಕೊಂಡೇ, ಗದ್ದ ಎತ್ತಿ ರಸ್ತೆಯಾಚೆ ತೋರಿಸಿದ. ಪ್ರತಿ ವಾರ ಬರುತ್ತಿದ್ದನಂತೆ. ನಾನು ಊಟಕ್ಕೆ ಬಾಗಿಲು ಹಾಕಿದ ಹೊತ್ತು ನೋಡಿಕೊಂಡು ಬರುತ್ತಿದ್ದನಂತೆ, ನನಗೆ ಬೇಜಾರಾಗಬಾರದೆಂದು.

ಸಂತೋಷ ಆಯಿತೇ ಎಂದು ಕೇಳಿದರೆ, ಆಯಿತು. ಅರೆಗಳಿಗೆ. ಆಮೇಲೆ ನನಗೆ ಎದೆಯಲ್ಲಿ ಕೆಂಡ ಇಟ್ಟಂತಾಯಿತು. ನನ್ನ ಅಣ್ಣ! ನಾನು ಅತ್ತದ್ದಕ್ಕೆ ಕರಗದವನು, ಆ ಬನಿಯನ್ನಿನ ಮನುಷ್ಯ "ಯಾರ ಜೊತೆ ಹಾಕ್ತೀರಿ" ಎಂದದ್ದಕ್ಕೆ ಕರಗಿದನೇ? ಅವರ ಹೆಸರೆತ್ತುವಾಗ ಅಣ್ಣನ ದನಿಯಲ್ಲಿ ಒಂದು ಮೆದುತನ ಬರುತ್ತಿತ್ತು. "ಅವ್ರು ಭಾಳ ಸಮಾಧಾನಿ ಕಣೋ, ನಿನ್ನಂಗೆ ಗದರಲ್ಲ." ಕೇಳಿಕೊಂಡು ಇರಬೇಕಿತ್ತು ನಾನು!

ಮುಂದೆ ಮಾಡಿದ್ದು ಶುದ್ಧ ಕಿತಾಪತಿ. ಎದುರಂಗಡಿಯವರು ಮಾತ್ರೆಗೆ ಬಂದಾಗ, ಅಣ್ಣನಿಗೆ ಕೊಡುವ ಪುಡಿಯಲ್ಲಿ ಏನೇನಿದೆ ಎಂದು ಕೇಳಿದೆ. "ಅದರಾಗೆ ಗುಟ್ಟೇನೈತ್ರೀ?" ಎಂದು ನನ್ನದೇ ಬಿಲ್ಲಿನ ಹಿಂದೆ ಬರೆದುಕೊಟ್ಟರು. ಅಣ್ಣನ ಬಾಯಿ ಉರಿಯುತ್ತದೆಂದು ಶುಂಠಿ ಬಿಟ್ಟಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, "ಮಾಡಿದ್ರೆ ಎರಡು ಪೊಟ್ಟಣ ಕಟ್ರಿ. ತಿನ್ನಾಕೊಂದು, ಕೊಡಾಕೊಂದು," ಎಂದರು. ಆಹಾ, ಸರಕು ದುಪ್ಪಟ್ಟು ಖರ್ಚಾಗುವ ಉಪಾಯ ಎಂದುಕೊಂಡೆ.

ನಾನು ಪುಡಿ ಮಾಡಿದೆ. ಅವರದಕ್ಕಿಂತ ಚೊಕ್ಕವಾಗಿ ಮಾಡಿದೆ. ಸಣ್ಣ ಜರಡಿ ಹಿಡಿದೆ, ಗಾಜಿನ ಡಬ್ಬಿಗೆ ತುಂಬಿಸಿದೆ, ಲೇಬಲ್ ಅಂಟಿಸಿ 'ದಿನಕ್ಕೆ ಮೂರು ಬಾರಿ, ಅರ್ಧ ಚಮಚ, ಊಟದ ನಂತರ' ಎಂದು ಬರೆದೆ. ಅಣ್ಣನಿಗೆ ಕೊಟ್ಟು, "ಅದೇ ಸಾಮಾನು. ಬರೀ ಓಂಕಾಳು ಸೋಂಪು. ಇದಕ್ಕೆ ವಾರ ವಾರ ಅವರ ಜಗಲಿ ಮೇಲೆ ಯಾಕೆ ಕೂರ್ತೀಯಾ? ತಮ್ಮ ಅಂತ ನಾನಿಲ್ವಾ?" ಎಂದೆ. ಅಣ್ಣ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಿರಬೇಕು. "ಆತು ಬಿಡು, ನಿನ್ನದೇ ತಗಂತೀನಿ," ಎಂದ. ಎದುರಂಗಡಿಗೆ ಹೋಗುವುದು ನಿಲ್ಲಿಸಿದ. ನಾನು ಗೆದ್ದೆ.

ಒಂದೂವರೆ ತಿಂಗಳಾಗಿತ್ತು. ಅತ್ತಿಗೆ ಫೋನು ಮಾಡಿ, "ನಿಮ್ಮಣ್ಣ ಮತ್ತೆ ಹಾಕಾಕೆ ಹತ್ಯಾರೆ," ಎಂದರು. ಅಂಗಡಿ ಬಾಗಿಲು ಎಳೆದುಕೊಂಡು ಸಂತೇಬೆನ್ನೂರಿಗೆ ಓಡಿದೆ. ಅಣ್ಣ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಬಾಯಿ ಕೆಂಪಾಗಿತ್ತು. ನಾನು ಕೂಗಾಡಿದೆ. ಕೂಗಾಟ ಮುಗಿದ ಮೇಲೆ ಅವನು ಹೇಳಿದ.

"ನಲ್ಲೂರಾಗೆ ಒಂದು ತೋಟದ ಮಾತು ನಡೀತಿತ್ತು. ಅಲ್ಲಿ ಯಜಮಾನ್ರು ಭಾಳ ವಯಸ್ಸಾದೋರು, ಚೀಲ ಬಿಚ್ಚಿ ಚಾಚಿದ್ರು. ಮುಂಚೆ ಆಗಿದ್ರೆ ನಾನೂ ಚೀಲ ತೆಗೆದು, ನಿನ್ನ ಎದುರಂಗಡಿಯೋರು ಕೊಟ್ಟಿದ್ದ ಎರಡನೇ ಪೊಟ್ಟಣ ಬಿಚ್ಚಿ, 'ನಿಮ್ಮದು ಆಮ್ಯಾಲೆ, ಮೊದ್ಲು ನಂದು ರುಚಿ ನೋಡ್ರಿ' ಅಂತಿದ್ದೆ. ಅವರೂ ಚೂರು ಬಾಯಿಗೆ ಹಾಕ್ಯಂಡು ನಗಾಡೋರು. ಮಾತು ಮುಂದಕ್ಕೆ ಹೋಗೋದು. ಅವತ್ತು ನನ್ನ ಹತ್ರ ಏನಿತ್ತು? ನಿನ್ನ ಡಬ್ಬಿ ಮನೆಯಾಗೆ, ಔಷಧಿ ಮಾತ್ರೆಗಳ ಪಕ್ಕದಾಗೆ. ದೊಡ್ಡೋರು ಕೈ ಚಾಚ್ಕೊಂಡು ಕುಂತಾರೆ. ಬರಿಗೈಯಾಗೆ ಒಲ್ಲೆ ಅಂತ ಹೆಂಗೆ ಅನ್ಲಿ? ತಗಂಡೆ. ಒಂದ್ಸಲ ತಗಂಡ ಮ್ಯಾಲೆ ಮುಗೀತು."

ಕುರಿಗಾರರನ್ನು ನನ್ನಲ್ಲಿಗೆ ಯಾಕೆ ಕಳಿಸಿದ್ದರೆಂದು ಆಗ ತಿಳಿಯಿತು. ಒಬ್ಬರೇ ಸೇದುವವರಿಗೆ ಆ ಎರಡನೇ ಪೊಟ್ಟಣ ಕೊಡಲಿಕ್ಕೆ ಎದುರು ಯಾರಿದ್ದಾರೆ? ನನ್ನ ಹೊಟ್ಟೆಕಿಚ್ಚಿಗೆ ಅಣ್ಣನ ಬಾಯಿಯನ್ನೇ ಪಣ ಇಟ್ಟಿದ್ದೆ ನಾನು. ಥೂ ನನ್ನ.

ಮರುದಿನ ರಸ್ತೆ ದಾಟಿದೆ. ಮೂವತ್ತು ಹೆಜ್ಜೆ ಇಲ್ಲ ಅದು. ಅಷ್ಟು ವರ್ಷದಲ್ಲಿ ಅವರು ನನ್ನಲ್ಲಿಗೆ ದಿನಾ ಬಂದಿದ್ದರು, ನಾನು ಅವರ ಜಗಲಿ ಹತ್ತಿರಲಿಲ್ಲ. ಅವರು ಟವೆಲ್ಲಿನಿಂದ ಹಲಗೆ ಒರೆಸಿ, "ಬರ್ರಿ, ಕುತ್ಕಳ್ರಿ," ಎಂದರು. ನಡೆದದ್ದೆಲ್ಲ ಹೇಳಿದೆ. ಡಬ್ಬಿ, ಲೇಬಲ್ಲು, ನಲ್ಲೂರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕ್ಯಾಲೆಂಡರು ಹರಿದು ಎರಡು ಪೊಟ್ಟಣ ಕಟ್ಟಿದರು.

"ಅಣ್ಣಾರಿಗೆ ಈ ಸಲ ನಿಮ್ಮ ಗಮ್ಮೂ ಕೊಡ್ರಿ," ಎಂದರು. "ಮುಂಚೇನೇ ಹೇಳಬೇಕಿತ್ತು ನಾನು, ನಂದೂ ತಪ್ಪೈತೆ. ಬೆಳಿಗ್ಗೆ ಎದ್ದ ಕೂಡ್ಲೇ ಅವರಿಗೆ ಜೀವ ಕಿತ್ಕಂಡು ಬರುತ್ತಂತೆ. ಆಗ ಜೊತೆಗೆ ಯಾರೂ ಇರಲ್ಲ. ಅಲ್ಲಿ ನನ್ನ ಪುಡಿ ಕೆಲಸಕ್ಕೆ ಬರಲ್ಲ, ನಿಮ್ಮ ಔಷಧೀನೇ ಬೇಕು. ಜನದ ಮಧ್ಯೆ ಇದ್ದಾಗ ನಂದು ಇರ್ಲಿ."

ನೋಡಿ, ಇದು ನನಗೆ ಹೊಳೆಯಬೇಕಿತ್ತು. ಸರ್ಟಿಫಿಕೇಟು ಇರುವುದು ನನ್ನ ಗೋಡೆಯ ಮೇಲೆ.

ಅಣ್ಣ ಮತ್ತೆ ಬಿಟ್ಟ. ಈ ಸಲ ಕಷ್ಟಪಟ್ಟು ಬಿಟ್ಟ, ನಡುವೆ ಎರಡು ಸಲ ಜಾರಿದ, ಮತ್ತೆ ಎದ್ದ. ಮೂರು ವರ್ಷವಾಯಿತು. ಡಾಕ್ಟರು ಕೊಟ್ಟ ಮರದ ಕಡ್ಡಿಗಳನ್ನು ಹಲ್ಲಿನ ನಡುವೆ ಸೇರಿಸಿ ದಿನಾ ಬಾಯಿ ಹಿಗ್ಗಿಸುತ್ತಾನೆ. ಮಚ್ಚೆ ತೆಳುವಾಗಿದೆ. ಪರೀಕ್ಷೆಗೆ ಬರುವುದನ್ನು ಮಾತ್ರ ತಪ್ಪಿಸಬೇಡಿ ಎಂದಿದ್ದಾರೆ ಡಾಕ್ಟರು. ಬಿಡಿಸಿದ್ದು ಗಮ್ಮೋ, ಪುಡಿಯೋ, ಎರಡನೇ ಪೊಟ್ಟಣವೋ, ವಾರಕ್ಕೊಮ್ಮೆ ಆ ಜಗಲಿಯ ಮೇಲೆ ಕೂತದ್ದೋ? ಒಬ್ಬ ಅಣ್ಣನನ್ನು ನೋಡಿ ಹೇಳುವುದಕ್ಕೆ ಬರುವುದಿಲ್ಲ ಅದು. ಯಾರಾದರೂ ಬಲ್ಲವರು ಸರಿಯಾಗಿ ಪರೀಕ್ಷೆ ಮಾಡಿದರೆ ನಾನೇ ಮೊದಲು ಓದುತ್ತೇನೆ.

ಇಷ್ಟಾದ ಮೇಲಾದರೂ ಹೊಟ್ಟೆಕಿಚ್ಚು ಆರಬೇಕಿತ್ತಲ್ಲ? ಎಲ್ಲಿ ಆರುತ್ತದೆ! ಅಣ್ಣ ಹಲಸಿನ ಹಣ್ಣು ತಂದರೆ ಮೊದಲು ರಸ್ತೆಯಾಚೆ ಹೋಗಿ ಕೊಯ್ಯಿಸುತ್ತಿದ್ದ, ಆಮೇಲೆ ನನಗೆ ಉಳಿದರ್ಧ. ಬಸ್ಸಿಳಿದವನು ಅವರ ಜಗಲಿಯಲ್ಲಿ ಒಂದು ತಾಸು ಕೂತು, ನನ್ನಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದ. ಗಾಜಿನ ಬಾಗಿಲಿನ ಈಚೆ ನಿಂತು ನಾನು ಅವರಿಬ್ಬರು ನಗುವುದನ್ನು ನೋಡುತ್ತಿದ್ದೆ. ಏನು ನಗು ಅಷ್ಟೊಂದು?

ಹೋದ ತಿಂಗಳು ಒಂದು ಬೆಳಗ್ಗೆ ಅವರು ಪೇಪರಿಗೆ ಬರಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಅವತ್ತಿನ ಪದಬಂಧ ಖಾಲಿ ಇತ್ತು. ನನಗೆ ತುಂಬಿಸಲು ಮನಸ್ಸಾಗಲಿಲ್ಲ.

ಈಗಲೂ ಜನ ಬಸ್ಸಿಳಿದು ನನ್ನ ಬಾಗಿಲು ತಳ್ಳುತ್ತಾರೆ. ಮೊನ್ನೆ ನ್ಯಾಮತಿಯ ಒಬ್ಬರು ಬಂದಿದ್ದರು. "ದಿನಕ್ಕೆ ಎಷ್ಟು ಸಲ" ಎಂದು ಶುರು ಮಾಡಿದವನು ನಿಲ್ಲಿಸಿ, ಸ್ಟೂಲು ಒರೆಸಿ, "ಯಾರ ಜೊತೆ ಹಾಕ್ತೀರಿ?" ಎಂದೆ. "ಇದನ್ನ ಆ ಎದುರಂಗಡಿಯೋರು ಕೇಳ್ತಿದ್ರಂತಲ್ಲ," ಎಂದರು ಅವರು. ಹೌದು ಮಾರಾಯರೇ, ಅವರೇ ಕೇಳುತ್ತಿದ್ದರು. ನನ್ನ ಬಾಯಲ್ಲೂ ಈಗ ಅವರದೇ ಮಾತು.

ಸಭೆಯ ದಿನಕ್ಕೆ ಬರುತ್ತೇನೆ. ವೇದಿಕೆ ಹತ್ತಿ, ಸ್ವಂತ ಅಣ್ಣನಿದ್ದ ಹಾಗಿದ್ದರು ಎಂದೆನಲ್ಲ, ಆಗ ಸಾಲಿನ ಕೊನೆಯಲ್ಲಿ ಕೂತಿದ್ದ ನನ್ನ ನಿಜವಾದ ಅಣ್ಣ ಅಳಲು ಶುರುಮಾಡಿದ. ಅಪ್ಪ ಸತ್ತಾಗ ನನ್ನನ್ನು ಸಮಾಧಾನ ಮಾಡುತ್ತಾ ತಾನು ಅಳದೆ ಉಳಿದವನು. ಅವನು ಹೀಗೆ ಅತ್ತದ್ದನ್ನು ನಾನು ಕಂಡೇ ಇರಲಿಲ್ಲ. ಟವೆಲ್ಲು ತೊಡೆಯ ಮೇಲೇ ಇತ್ತು. ಮುಖ ಮುಚ್ಚಿಕೊಳ್ಳದೆ, ಮಗುವಿನ ಹಾಗೆ ಬಾಯಿ ತೆರೆದು, ಹೋ ಎಂದು ಅಳುತ್ತಿದ್ದ. ನಾನು ಸತ್ತರೆ ಇಷ್ಟು ಅಳುತ್ತಾನೆಯೇ ಇವನು? ಅದೇ ನನಗೆ ಮೊದಲು ಬಂದ ಯೋಚನೆ, ದೇವರಾಣೆ.

ಆಮೇಲೆ ಅವನ ಬಾಯಿ ಕಂಡಿತು. ಮೈಕಿನ ಮುಂದೆ ನಿಂತವನು ಮಾತು ಮರೆತು, ಅಷ್ಟು ದೂರದಿಂದಲೇ ಆ ಹಲ್ಲಿನ ಡಾಕ್ಟರ ಹಾಗೆ ಬೆರಳು ಎಣಿಸಿದೆ. ಒಂದು. ಎರಡು. ಮೂರನೆಯದೂ ಹೋಗುತ್ತಿತ್ತು.